ಕಡಲಿಗೆ ‘ಕಟ್’ ಹೇಳೋರಿಲ್ಲ!

ಥಾಯ್ಲೆಂಡಿನ ಪುಕೆಟ್‌ನಲ್ಲಿ ಏಳು ರಾತ್ರಿ... ಒಬ್ಬ ಅಭಿಮಾನಿಯ ಪ್ಲಾನು!

ಸಿನಿಮಾದಲ್ಲಿ ಎಷ್ಟು ಸುಲಭ ನೋಡಿ! ಹೀರೋ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹೀರೋಯಿನ್ ಕೈ ಹಿಡಿದು ಕಣ್ಣು ಮುಚ್ಚುತ್ತಾನೆ. ಕಣ್ಣು ಬಿಟ್ಟರೆ... ಥಾಯ್ಲೆಂಡಿನ ಕಡಲ ತೀರ! ಪಾಸ್‌ಪೋರ್ಟ್ ಕೇಳೋರಿಲ್ಲ, ಲಗೇಜು ತೂಕ ಹಾಕೋರಿಲ್ಲ. ಮೂರು ನಿಮಿಷದ ಹಾಡು, ಆರು ಡ್ರೆಸ್ಸು. ಹಾಡು ಮುಗಿದರೆ ಮತ್ತೆ ಅದೇ ಕಾಫಿ ತೋಟ. ಖರ್ಚು? ಅದು ನಿರ್ಮಾಪಕರ ತಲೆನೋವು!

ನಾವೋ, ಗಾಂಧಿ ಕ್ಲಾಸಿನ ಮಂದಿ. ನಮ್ಮ ಟ್ರಿಪ್ಪಿಗೆ ನಾವೇ ನಿರ್ಮಾಪಕರು, ನಾವೇ ನಿರ್ದೇಶಕರು, ಕೊನೆಗೆ ಲೈಟ್‌ಬಾಯ್‌ಗಳೂ ನಾವೇ. ಪ್ಲಾನು ಕೆಟ್ಟರೆ ಬೈಯೋದಕ್ಕೆ ಬೇರೆ ಯಾರೂ ಸಿಗೋದಿಲ್ಲ. ಒಂದು ಸಲ ಪ್ಲಾನಿಲ್ಲದೆ ಹೋಗಿ ಏನಾಯಿತು, ಈಗ ಎರಡನೇ ಸಲ ಹೇಗೆ ಹೊರಟಿದ್ದೀವಿ ಅನ್ನೋದನ್ನ ಹೇಳ್ತೀನಿ ಕೇಳಿ.

ತ್ರಿಬಲ್ ನೈನ್ ಎಂಬ ಗೆಳೆಯ

ನನ್ನ ಊರು ತಿಪಟೂರು. ಅಲ್ಲಿ ನನಗೊಬ್ಬ ಗೆಳೆಯ, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅವನ ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ಊರಿಗೆಲ್ಲ ಅವನು ‘ತ್ರಿಬಲ್ ನೈನ್’! ಅವನ ತಂದೆ ಅಣ್ಣಾವ್ರ ಅಭಿಮಾನಿ. 1968ರಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಾಗ ಟೆಂಟಿನಲ್ಲಿ ಕೂತು ಶಿಳ್ಳೆ ಹೊಡೆದವರು. ಮಗನಿಗೆ ಜೋಗುಳದ ಬದಲು ಆ ಕತೆ ಹೇಳಿ ಬೆಳೆಸಿದರು. ನಮ್ಮ 999ರಿಂದ ಹುಡುಗ ಅವರ 007ಕ್ಕೆ ಹೋದ. ಹೋಗಿ, ಒಂದು ಬಂಡೆಯ ಮುಂದೆ ನಿಂತುಬಿಟ್ಟ.

ಯಾವ ಬಂಡೆ ಅಂತೀರಾ? 1974ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’ ನೋಡಿದವರಿಗೆ ಗೊತ್ತು. ಬಾಂಡ್ ಆಗಿ ರೋಜರ್ ಮೂರ್, ಚಿನ್ನದ ಗನ್ನಿನ ವಿಲನ್ ಆಗಿ ಕ್ರಿಸ್ಟೋಫರ್ ಲೀ. ವಿಲನ್ನಿನ ಅಡ್ಡೆ ಒಂದು ದ್ವೀಪ. ಅದರ ಮುಂದೆ ಸಮುದ್ರದಲ್ಲಿ ತಲೆಕೆಳಗಾಗಿ ನೆಟ್ಟ ಗದೆಯ ಹಾಗೆ ಒಂದು ಸುಣ್ಣಕಲ್ಲಿನ ಕಂಬ. ಬುಡ ಸಣ್ಣ, ತಲೆ ದಪ್ಪ, ಎತ್ತರ ಸುಮಾರು 20 ಮೀಟರ್. ಕತೆಯಲ್ಲಿ ಅದು ಚೀನಾದ ಕಡಲು. ನಿಜದಲ್ಲಿ ಥಾಯ್ಲೆಂಡಿನ ಪುಕೆಟ್ ಪಕ್ಕದ ಪಾಂಗ್‌ಙಾ ಕೊಲ್ಲಿ. (ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ‘ಙ’ಗೆ ಕೊನೆಗೂ ಒಂದು ಪಾತ್ರ ಸಿಕ್ಕಿತು!) ಬಂಡೆಯ ಹೆಸರು ಕೋ ತಾಪು. ‘ಕೋ’ ಅಂದರೆ ದ್ವೀಪ, ‘ತಾಪು’ ಅಂದರೆ ಮೊಳೆ.

“ಸಾಯೋದ್ರೊಳಗೆ ಒಂದ್ಸಲ ಆ ಮೊಳೆ ನೋಡ್ಬೇಕು ಗುರು” ಅನ್ನುತ್ತಿದ್ದ ತ್ರಿಬಲ್ ನೈನ್. ಮಾತಿಗೆ ಹಾಗಂದದ್ದು. ಅದು ಮಾತಾಗಿಯೇ ಉಳಿಯಲಿಲ್ಲ.

ಶಿಳ್ಳೆ ಹೊಡೆದೆವು...

2019ರ ಆಗಸ್ಟ್. ಅವನು ಚೀಟಿ ಎತ್ತಿದ, ನಾನು ಬೈಕು ಮಾರಿದೆ. ಮೆಡಿಕಲ್ ಸ್ಟೋರಿನ ಗೆಳೆಯನೊಬ್ಬ ಜೊತೆಯಾದ. ಮೊಬೈಲಿನಲ್ಲಿ ಹುಡುಕಿದರೆ ಟಿಕೆಟ್ಟು ಸಿಕ್ಕಾಪಟ್ಟೆ ಅಗ್ಗ, ರೂಮು ಅರ್ಧ ಬೆಲೆ. “ಲಾಟರಿ ಹೊಡೀತು ಕಣ್ರೋ!” ಅಂದೆವು. ಯಾಕೆ ಅಗ್ಗ ಅಂತ ಮೂವರಲ್ಲಿ ಒಬ್ಬನೂ ಕೇಳಲಿಲ್ಲ.

ಪುಕೆಟ್‌ನಲ್ಲಿ ಮೇ ತಿಂಗಳಿಂದ ಅಕ್ಟೋಬರ್ ತನಕ ಮಳೆಗಾಲ. ನಮ್ಮೂರಿಗೆ ಮುಂಗಾರು ತರುವ ನೈಋತ್ಯ ಗಾಳಿಯೇ ಅಲ್ಲಿಗೂ ಬೀಸುತ್ತದೆ. ಅಲ್ಲಿನ ಹೆಸರಾಂತ ತೀರಗಳೆಲ್ಲ — ಪಾಟಾಂಗ್, ಕಾರೋನ್, ಕಾಟಾ — ಪಶ್ಚಿಮಕ್ಕೆ ಮುಖ ಮಾಡಿವೆ. ಗಾಳಿ ನೇರ ಎದೆಗೇ ಬಡಿಯುತ್ತದೆ. ಅಲೆ ಏಳುತ್ತದೆ, ದಡಕ್ಕೆ ಬಂದ ನೀರು ಒಂದು ಓಣಿ ಹಿಡಿದು ವಾಪಸ್ ಓಡುತ್ತದೆ. ಆ ಸೆಳವಿಗೆ ಸಿಕ್ಕಿದವನು ಎಂಥ ಈಜುಗಾರನಾದರೂ ಒಳಕ್ಕೇ ಹೋಗುತ್ತಾನೆ.

ಎರಡನೇ ದಿನ, ಕಾರೋನ್ ತೀರ. ಕೆಂಪು ಬಾವುಟ ನೆಟ್ಟಿತ್ತು. ನಾವು ನೋಡಿದೆವು ಸ್ವಾಮಿ, ನೋಡಲಿಲ್ಲ ಅಂತ ಸುಳ್ಳು ಹೇಳೋದಿಲ್ಲ. “ಕೆರೇಲಿ ಕಲ್ತೋನು ನಾನು, ಇದೇನ್ ಮಹಾ” ಅಂತ ಶರ್ಟು ಬಿಚ್ಚಿದ ತ್ರಿಬಲ್ ನೈನ್. “ಲೋ, ಬಾಂಡ್ ಎಂಟ್ರಿ ಕಣೋ, ತೆಗಿಯೋ ವಿಡಿಯೋ!” ನಾನು ಮೊಬೈಲು ಹಿಡಿದೆ.

ಸೊಂಟದವರೆಗೆ ಹೋದ. ಒಂದು ಅಲೆ ಹಾರಿದ, ಎರಡು ಹಾರಿದ. ಮೂರನೆಯದರ ಆಚೆ ಅವನ ತಲೆ ಮಾತ್ರ ಕಂಡಿತು. ಕೈ ಎತ್ತಿದ. ಹೀರೋ ಪೋಸು ಅಂದುಕೊಂಡು ನಾವು ಶಿಳ್ಳೆ ಹೊಡೆದೆವು! ಮತ್ತೆ ಕೈ ಎತ್ತಿದ. ಮತ್ತೆ ಶಿಳ್ಳೆ. ಅವನು ಕೂಗಲಿಲ್ಲ. ಮುಳುಗುವವನು ಸಿನಿಮಾದ ಹಾಗೆ ‘ಕಾಪಾಡಿ, ಕಾಪಾಡಿ’ ಅನ್ನೋದಿಲ್ಲ ಅಂತ ನನಗೆ ಅವತ್ತೇ ಗೊತ್ತಾದದ್ದು. ಬಾಯಿಗೆ ಉಸಿರಾಡೋದಕ್ಕೇ ಪುರಸೊತ್ತಿರೋದಿಲ್ಲ.

ನಮ್ಮ ಪಕ್ಕದಿಂದಲೇ ಒಬ್ಬ ಲೈಫ್‌ಗಾರ್ಡ್ ಹುಡುಗ ಹಲಗೆ ಹಿಡಿದು ಓಡಿದ. ಆಗ ಎದೆ ಧಸಕ್ಕೆಂದಿತು. ಅವನು ನೀರಿಗೆ ಬಿದ್ದು, ನಮ್ಮವನನ್ನ ಹಲಗೆ ಮೇಲೆ ಎಳೆದುಕೊಂಡು, ನೇರ ದಡಕ್ಕೆ ಬಾರದೆ ಅಡ್ಡಡ್ಡ ಹೋಗಿ, ಸುತ್ತಿ ಬಂದ. ಎಷ್ಟು ಹೊತ್ತಾಯಿತೋ! ಮರಳ ಮೇಲೆ ಮಲಗಿಸಿದಾಗ ನಮ್ಮ ತ್ರಿಬಲ್ ನೈನ್ ಉಪ್ಪು ನೀರು ಕಕ್ಕಿ ಕೇಳಿದ ಮೊದಲ ಮಾತು:

“ಯಾಕ್ರೋ ಶಿಳ್ಳೆ ಹೊಡೀತಿದ್ರಿ?”

ಆ ವಿಡಿಯೋ ಇನ್ನೂ ನನ್ನ ಹತ್ತಿರ ಇದೆ. 42 ಸೆಕೆಂಡು. ಅದರಲ್ಲಿ ಅವನಿಗಿಂತ ಜೋರಾಗಿ ಕೇಳುವುದು ನನ್ನ ಶಿಳ್ಳೆ.

ಉಳಿದ ದಿನವೆಲ್ಲ ಅವನು ರೂಮು ಬಿಟ್ಟು ಹೊರಡಲಿಲ್ಲ. ದೋಣಿ ಅಂದರೆ ಮೈ ನಡುಗುತ್ತಿತ್ತು. ಚೀಟಿ ದುಡ್ಡು ಸುರಿದು ಹೋದವನು ಆ ಬಂಡೆ ನೋಡದೆಯೇ ತಿಪಟೂರಿಗೆ ವಾಪಸ್ ಬಂದ. ಆಮೇಲೆ ಕೊರೋನ ಬಂತು, ಸಾಲ ಬಂತು, ವರ್ಷಗಳು ಹೋದವು. ಮೊನ್ನೆ ಯುಗಾದಿ ಹಬ್ಬದ ದಿನ ಹೋಳಿಗೆ ತಿನ್ನುತ್ತಾ ಅವನೇ ಅಂದ: “ಗುರು, ಮೊಳೆ ಇನ್ನೂ ಅಲ್ಲೇ ಇದ್ಯಾ?”

ಈ ಸಲ ಕಾಲ್‌ಶೀಟ್ ಮೊದಲು!

ಹೀಗೆ ಶುರುವಾಯಿತು ಎರಡನೇ ಪ್ಲಾನು. ಮೊದಲ ಕೆಲಸ, ಕಡಲಿನ ಕಾಲ್‌ಶೀಟ್ ನೋಡೋದು. ನವೆಂಬರಿನಿಂದ ಏಪ್ರಿಲ್ ತನಕ ಅಲ್ಲಿ ಒಣ ಹವೆ, ಶಾಂತ ಕಡಲು. ಕ್ರಿಸ್‌ಮಸ್ಸು, ಹೊಸ ವರ್ಷದ ಹೊತ್ತಿಗೆ ರೇಟು ಆಕಾಶಕ್ಕೆ. ಹಾಗಾಗಿ ಫೆಬ್ರವರಿ ಕೊನೆ ವಾರ ಅಂತ ಗೊತ್ತು ಮಾಡಿದೆವು. ಟಿಕೆಟ್ಟಿಗೆ ಹೆಚ್ಚು ಬಿತ್ತು. ಬೀಳಲಿ ಬಿಡಿ.

ಎರಡನೆಯದು ಕಾಗದ ಪತ್ರ. ಭಾರತದವರಿಗೆ 2023ರ ನವೆಂಬರ್ 10ರಿಂದ ಥಾಯ್ಲೆಂಡು ವೀಸಾ ಬೇಡ ಅಂತು. 2024ರ ಜುಲೈ 15ರಿಂದ ಹಾಗೆ ಇರಬಹುದಾದ ಅವಧಿಯನ್ನ 60 ದಿನಕ್ಕೆ ಏರಿಸಿತು. ಇಂಥ ನಿಯಮ ಸೆನ್ಸಾರ್ ಕತ್ತರಿ ಇದ್ದ ಹಾಗೆ, ಯಾವಾಗ ಎಲ್ಲಿ ಬೀಳುತ್ತೋ! ಟಿಕೆಟ್ ಕೊಳ್ಳುವ ದಿನ ಥಾಯ್ ರಾಯಭಾರ ಕಚೇರಿಯ ಮಾಹಿತಿ ನೋಡಿಕೊಳ್ಳಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಬೇರೆ ಬಂದಿದೆ. ಇಳಿಯುವ ಮುಂಚಿನ ಮೂರು ದಿನದೊಳಗೆ ಮೊಬೈಲಿನಲ್ಲೇ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳಿದರೆ ಅದು ನಕಲಿ ಕೌಂಟರು, ಬ್ಲ್ಯಾಕ್ ಟಿಕೆಟ್ ಗಿರಾಕಿ ಅಂತ ತಿಳೀರಿ. ವಾಪಸ್ ಟಿಕೆಟ್ಟು, ರೂಮಿನ ಬುಕಿಂಗು, ಕೈಯಲ್ಲಿ ಸಾಕಷ್ಟು ಹಣ — ಈ ಮೂರನ್ನ ಇಳಿದ ಕಡೆ ಕೇಳಬಹುದು.

ಮೂರನೆಯದು ಬಜೆಟ್ಟು. ತಲೆಗೆ 60 ಸಾವಿರ ಅಂತ ಲೆಕ್ಕ ಹಾಕಿದ್ದೀವಿ, ವಿಮಾನವೂ ಸೇರಿ. ಒಂದು ಬಾಟ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಅಂದಾಜು. ಅಲ್ಲಿನ ಎ.ಟಿ.ಎಂ.ನಲ್ಲಿ ಹೊರದೇಶದ ಕಾರ್ಡು ಹಾಕಿದರೆ ಪ್ರತಿ ಸಲ 220 ಬಾಟೋ ಇನ್ನೂ ಹೆಚ್ಚೋ ಕಿತ್ತುಕೊಳ್ಳುತ್ತದೆ. ಐದು ಸಲ ಎಳೆಯೋ ಬದಲು ಒಂದೇ ಸಲ ಎಳೆಯಿರಿ. ಪ್ರಯಾಣದ ಇನ್ಶೂರೆನ್ಸ್ ಮಾಡಿಸಿದ್ದೀವಿ. ಹೋದ ಸಲ ಅದೂ ಇರಲಿಲ್ಲ.

ಏಳು ರಾತ್ರಿ, ಏಳು ರೀಲು

ಶನಿವಾರ: ಬೆಂಗಳೂರಿನಿಂದ ನೇರ ವಿಮಾನಕ್ಕೆ ನಾಲ್ಕು ಗಂಟೆ ಆಸುಪಾಸು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ವಿಮಾನ ನಿಲ್ದಾಣ ದ್ವೀಪದ ಉತ್ತರ ತುದಿಗೆ, ಊರು ದೂರ. ಟ್ಯಾಕ್ಸಿಯವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಬಸ್ಸಿದೆ ಗುರುವೇ! ಪುಕೆಟ್ ಟೌನಿಗೂ ಇದೆ, ಬೀಚುಗಳ ಕಡೆಗೂ ಇದೆ, ನೂರು ಬಾಟ್ ಆಸುಪಾಸು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಪತ್ರಿಕೆ ಓದೋ ನಮಗೆ ಬಸ್ಸು ಹಿಡಿಯೋದು ಹೇಳಿಕೊಡಬೇಕೇ? ಮೊದಲ ಮೂರು ರಾತ್ರಿ ಬೀಚಿನಲ್ಲಲ್ಲ, ಟೌನಿನಲ್ಲೇ ಠಿಕಾಣಿ.

ಭಾನುವಾರ: ಹಳೇ ಪುಕೆಟ್ ಟೌನು ಅಂದರೆ ರೆಡಿಮೇಡ್ ಸೆಟ್ಟು. ತವರದ ಗಣಿಯ ಕಾಲದಲ್ಲಿ ದುಡ್ಡು ಮಾಡಿದ ಚೀನೀ ವರ್ತಕರ ಬಣ್ಣ ಬಣ್ಣದ ಮನೆಗಳು. 1984ರ ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಚಿತ್ರದಲ್ಲಿ ಕಾಂಬೋಡಿಯದ ಫ್ರೆಂಚ್ ರಾಯಭಾರ ಕಚೇರಿ ಅಂತ ತೋರಿಸಿದ್ದು ಇಲ್ಲಿನ ಪ್ರಾಂತ್ಯ ಕಚೇರಿಯನ್ನ. ‘ದಿ ಬೀಚ್’ನಲ್ಲಿ ಲಿಯನಾರ್ಡೋ ಡಿಕಾಪ್ರಿಯೋ ತಂಗುವ ಬ್ಯಾಂಕಾಕಿನ ಹೋಟೆಲ್ಲು ನಿಜವಾಗಿ ಇಲ್ಲಿನ ಆನ್ ಆನ್ ಹೋಟೆಲ್ಲು. ಸಂಜೆ ತಲಾಂಗ್ ರಸ್ತೆಯಲ್ಲಿ ಭಾನುವಾರದ ಸಂತೆ. ಸಸ್ಯಾಹಾರಿಗಳಿಗೆ ಒಂದು ಗುಟ್ಟು: ಹಳದಿ ಬಾವುಟದ ಮೇಲೆ ಕೆಂಪು ಥಾಯ್ ಅಕ್ಷರ ಇದ್ದ ಅಂಗಡಿ ಹುಡುಕಿ, ‘ಜೇ’ ಅನ್ನಿ. ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲದ ಊಟ. ಬರೀ ‘ವೆಜ್’ ಅಂದರೆ ಮೀನಿನ ರಸ ಹಾಕಿಬಿಟ್ಟಾರು!

ಸೋಮವಾರ: ಇದು ಕ್ಲೈಮ್ಯಾಕ್ಸು. ಪಾಂಗ್‌ಙಾ ಕೊಲ್ಲಿ. ಅದು ದ್ವೀಪದ ಪೂರ್ವಕ್ಕೆ ಬೆಟ್ಟಗಳ ಮರೆಯಲ್ಲಿದೆ, ಅಲೆ ಕಡಿಮೆ. ತ್ರಿಬಲ್ ನೈನ್ ಮೊದಲ ದೋಣಿ ಇಲ್ಲೇ ಹತ್ತಲಿ ಅಂತ ಬೇಕೆಂದೇ ಮೊದಲು ಇಟ್ಟಿದ್ದೀನಿ. ದೊಡ್ಡ ದೋಣಿಯದೇ ಟಿಕೆಟ್ಟು. ಲೈಫ್ ಜಾಕೆಟ್ ಹಾಕದಿದ್ದರೆ ಹತ್ತಿಸೋದಿಲ್ಲ ಅಂತ ಅವನಿಗೆ ಈಗಲೇ ಹೇಳಿದ್ದೀನಿ. ರಾಷ್ಟ್ರೀಯ ಉದ್ಯಾನದ ಪ್ರವೇಶ ಹೊರದೇಶದವರಿಗೆ 300 ಬಾಟ್. ಬಂಡೆಯ ಬುಡ ಸವೆಯುತ್ತಿರುವುದರಿಂದ 1998ರಿಂದ ಅದರ ಹತ್ತಿರಕ್ಕೆ ದೋಣಿ ಬಿಡೋದಿಲ್ಲ. ಎದುರಿನ ದ್ವೀಪದ ಮರಳಿನಿಂದ ನೋಡಬೇಕು. ಅಷ್ಟು ಸಾಕು. ಅಲ್ಲಿಂದ ಕೋ ಪಾನ್ಯೀ — ಕಡಲಲ್ಲಿ ಕಂಬಗಳ ಮೇಲೆ ನಿಂತ ಮೀನುಗಾರರ ಹಳ್ಳಿ. 1986ರ ವಿಶ್ವಕಪ್ ಫುಟ್‌ಬಾಲ್ ನೋಡಿ ಹುಚ್ಚು ಹಿಡಿದ ಅಲ್ಲಿನ ಹುಡುಗರು, ಆಡೋದಕ್ಕೆ ನೆಲವೇ ಇಲ್ಲದ ಊರಲ್ಲಿ ಹಳೇ ಮರ ಜೋಡಿಸಿ ತೇಲುವ ಮೈದಾನ ಕಟ್ಟಿಕೊಂಡರು. ಇದಕ್ಕಿಂತ ಒಳ್ಳೇ ಚಿತ್ರಕಥೆ ಬೇಕೇ?

ಮಂಗಳವಾರ: ನೀಲಿ ಸಾಂಗ್‌ತೇವ್ ಹಿಡಿದು ಕಾಟಾ ಬೀಚಿಗೆ. ಎರಡು ಬೆಂಚಿನ ಟೆಂಪೋ ಇದ್ದ ಹಾಗೆ ಅದು. ಟೌನಿನ ಮಾರುಕಟ್ಟೆ ಹತ್ತಿರದಿಂದ ಹೊರಡುತ್ತದೆ, ನಲವತ್ತು ಐವತ್ತು ಬಾಟ್. ಸಂಜೆಯಾದರೆ ಬಂದ್! ಆಮೇಲೆ ಟ್ಯಾಕ್ಸಿಯೇ ಗತಿ. ಆ ದಿನ ಬೇರೇನೂ ಇಟ್ಟಿಲ್ಲ. ಕೆಂಪು-ಹಳದಿ ಎರಡು ಬಣ್ಣದ ಬಾವುಟ ಇರುವ ಕಡೆ, ಲೈಫ್‌ಗಾರ್ಡಿನ ಕಣ್ಣೆದುರು, ಮೊಣಕಾಲು ನೀರಲ್ಲಿ ನಿಲ್ಲೋದು. ಅವನು ನಿಂತರೆ ಸಾಕು.

ಬುಧವಾರ: ಪೀಪೀ ದ್ವೀಪಗಳು ಮತ್ತು ಮಾಯಾ ಕೊಲ್ಲಿ. ‘ದಿ ಬೀಚ್’ ಚಿತ್ರೀಕರಣ ನಡೆದದ್ದು ಇಲ್ಲೇ, 1999ರಲ್ಲಿ. ಕ್ಯಾಮೆರಾಗೆ ಚೆನ್ನಾಗಿ ಕಾಣಲಿ ಅಂತ ಮರಳ ದಿಣ್ಣೆ ಸವರಿ ತೆಂಗಿನ ಮರ ನೆಟ್ಟರು, ಅದು ಕೋರ್ಟಿಗೂ ಹೋಯಿತು. ಚಿತ್ರ ನೋಡಿ ಬಂದವರು ದಿನಕ್ಕೆ ಸಾವಿರಾರು ಜನ. ಹವಳ ಸತ್ತಿತು. 2018ರ ಜೂನಿನಲ್ಲಿ ಬಾಗಿಲು ಹಾಕಿ, 2022ರ ಜನವರಿಯಲ್ಲಿ ತೆರೆದರು. ತೆರೆದ ಮೇಲೆ ದೋಣಿ ನಿಲ್ಲೋದು ದ್ವೀಪದ ಹಿಂಬದಿಗೆ, ಕೊಲ್ಲಿಯಲ್ಲಿ ಈಜೋ ಹಾಗಿಲ್ಲ, ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ರಜೆ. ಮನುಷ್ಯರು ದೂರ ನಿಂತದ್ದೇ ತಡ, ಮರಿ ಶಾರ್ಕುಗಳು ವಾಪಸ್ ಬಂದವು! ಅಭಿಮಾನಿಗಳ ನೂಕುನುಗ್ಗಲಿನಿಂದ ಹೀರೋನೇ ಆಸ್ಪತ್ರೆ ಸೇರಿದ ಕತೆ ಇದು. ನಾವೂ ಅಭಿಮಾನಿಗಳೇ ಅಲ್ವಾ, ಸ್ವಲ್ಪ ಯೋಚಿಸೋಣ.

ಗುರುವಾರ: ಬಸ್ಸಿನಲ್ಲಿ ಕಾವ್ ಲಾಕ್. ದಾರಿಯಲ್ಲಿ ಸಾರಾಸಿನ್ ಸೇತುವೆ, ದ್ವೀಪವನ್ನ ನೆಲಕ್ಕೆ ಜೋಡಿಸಿದ್ದು. 1973ರಲ್ಲಿ ಒಬ್ಬ ಬಡ ಡ್ರೈವರ್ ಮತ್ತು ಒಬ್ಬ ವಿದ್ಯಾರ್ಥಿನಿ, ಮನೆಯವರು ಒಪ್ಪಲಿಲ್ಲ ಅಂತ, ಒಂದೇ ಬಟ್ಟೆಯಲ್ಲಿ ಬಿಗಿದುಕೊಂಡು ಇಲ್ಲಿಂದ ಹಾರಿದರು. 1987ರಲ್ಲಿ ಅದು ಸಿನಿಮಾ ಆಯಿತು. ಸಿನಿಮಾದವರಿಗೆ ಕತೆ ಸಿಕ್ಕಿತು, ಅವರ ಮನೆಯವರಿಗೆ ಮಕ್ಕಳು ಸಿಗಲಿಲ್ಲ.

ಕಾವ್ ಲಾಕ್‌ನಲ್ಲಿ ಒಂದು ಪೊಲೀಸ್ ದೋಣಿ ಇದೆ, ನಂಬರ್ 813. ಕಡಲಲ್ಲಲ್ಲ, ದಡದಿಂದ ಒಂದು ಕಿಲೋಮೀಟರಿಗೂ ಆಚೆ, ನೆಲದ ಮೇಲೆ! 2004ರ ಡಿಸೆಂಬರ್ 26ರ ಸುನಾಮಿ ಅದನ್ನ ಅಲ್ಲಿಗೆ ಎಸೆಯಿತು. ಥಾಯ್ಲೆಂಡಿನಲ್ಲಿ ಆ ದಿನ ಸತ್ತವರು ಐದು ಸಾವಿರಕ್ಕೂ ಹೆಚ್ಚು. 2012ರ ‘ದಿ ಇಂಪಾಸಿಬಲ್’ ಆ ದಿನದ ಕತೆ. ಅದರಲ್ಲಿ ನೇಯೋಮಿ ವಾಟ್ಸ್ ನೀರಲ್ಲಿ ಕೊಚ್ಚಿಹೋಗುವ ಸೀನು ನೋಡಿ ನಾವು ಸೀಟಿನ ಕೈ ಹಿಡಿದು ಕೂತಿದ್ದೆವು. ಆ ಸೀನು ತೆಗೆದದ್ದು ಸ್ಪೇನಿನ ಅಲಿಕಾಂಟೆಯಲ್ಲಿ, ದೊಡ್ಡ ನೀರಿನ ತೊಟ್ಟಿಯಲ್ಲಿ. ಅಲ್ಲಿ ನಿರ್ದೇಶಕರು ‘ಕಟ್’ ಅಂದರೆ ನೀರು ನಿಲ್ಲುತ್ತಿತ್ತು, ಟವೆಲ್ ಹಿಡಿದು ಅಸಿಸ್ಟೆಂಟ್ ಓಡಿ ಬರುತ್ತಿದ್ದ. ಕಾವ್ ಲಾಕ್‌ನಲ್ಲಿ, ಕಾರೋನ್‌ನಲ್ಲಿ, ‘ಕಟ್’ ಹೇಳೋರು ಯಾರೂ ಇಲ್ಲ. ನಾನು ಈ ಲೇಖನ ಬರೆದದ್ದು ಈ ಒಂದು ಮಾತಿಗೆ.

ಶುಕ್ರವಾರ: ಖಾಲಿ. ಯಾವುದಾದರೂ ದಿನ ತಪ್ಪಿದರೆ ತುಂಬಿಕೊಳ್ಳಲು ಒಂದು ದಿನ ಬಿಟ್ಟಿರಬೇಕು. ಸಂಜೆ ದಕ್ಷಿಣ ತುದಿಯ ಪ್ರಾಮ್‌ತೇಪ್‌ನಲ್ಲಿ ಸೂರ್ಯಾಸ್ತ. ಟಿಕೆಟ್ ಇಲ್ಲ, ಬಾಲ್ಕನಿಯೂ ಒಂದೇ, ಗಾಂಧಿ ಕ್ಲಾಸೂ ಒಂದೇ! ಶನಿವಾರ ವಾಪಸ್.

ಹೀರೋಗಿರಿ ಬೇಡ!

ಪಾಟಾಂಗಿನ ಬಂಗ್ಲಾ ರೋಡು ಎಲ್ಲಿ ಬಿಟ್ರಿ ಅಂತ ಕೇಳೋ ಹುಡುಗರಿದ್ದೀರಿ, ಗೊತ್ತು. ಹೋಗಿ, ದೀಪ ನೋಡಿ, ನಡೆದು ಬನ್ನಿ. ‘ಶೋ ಪುಕ್ಕಟೆ’ ಅಂತ ಕೈ ಹಿಡಿದು ಎಳೆಯುವವನ ಹಿಂದೆ ಹೋದರೆ ಬಿಲ್ಲು ನೋಡಿ ತಲೆ ತಿರುಗುತ್ತದೆ. ಅಲ್ಲಿ ನಿಂತ ಹುಡುಗಿಯರಲ್ಲಿ ಎಷ್ಟೋ ಜನ ಬಡ ಹಳ್ಳಿಗಳಿಂದ ಬಂದು ಮನೆಗೆ ದುಡ್ಡು ಕಳಿಸುವವರು. ಮಾತಿನಲ್ಲಿ ಮರ್ಯಾದೆ ಇರಲಿ.

ಬಾಡಿಗೆ ಬೈಕಿಗೆ ಆರ್.ಟಿ.ಓ.ನಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ಹೆಲ್ಮೆಟ್ ಹಾಕಿ. ಇಲ್ಲದೆ ಬಿದ್ದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ಯಾರಿಗೂ ಪಾಸ್‌ಪೋರ್ಟ್ ಒತ್ತೆ ಇಡಬೇಡಿ. ಜೆಟ್ ಸ್ಕೀ ಹತ್ತುವ ಮುಂಚೆ ನಾಲ್ಕೂ ಕಡೆ ಫೋಟೋ ತೆಗೀರಿ, ಹಳೇ ಗೀರಿಗೆ ಹೊಸ ದಂಡ ಹಾಕೋರಿದ್ದಾರೆ. ವೇಪ್ ಸಿಗರೇಟು ಅಲ್ಲಿ ಕಾನೂನು ಬಾಹಿರ. ರಾಜಮನೆತನದ ಬಗ್ಗೆ ತಮಾಷೆಗೂ ಬಾಯಿ ಬಿಡಬೇಡಿ, ಅದಕ್ಕೆ ಜೈಲು. ಕಷ್ಟ ಬಂದರೆ ಟೂರಿಸ್ಟ್ ಪೊಲೀಸ್ ನಂಬರ್ 1155.

ಒಂದು ನಮಸ್ಕಾರ ಕಲಿತು ಹೋಗಿ: ‘ಸವಾದೀ ಕ್ರಾಪ್’. ಆ ‘ಸವಾದೀ’ ಬಂದದ್ದು ಸಂಸ್ಕೃತದ ‘ಸ್ವಸ್ತಿ’ಯಿಂದ. ಕೈ ಮುಗಿದು ಹೇಳಿ, ಮುಖ ಅರಳುತ್ತದೆ. ಥಾಯ್ ಭಾಷೆಯಲ್ಲಿ ಐದಕ್ಕೆ ‘ಹಾ’ ಅಂತಾರೆ. ಮೊಬೈಲಿನಲ್ಲಿ 555 ಅಂತ ಬಂದರೆ ‘ಹಾ ಹಾ ಹಾ’ ಅಂತ ಅರ್ಥ. ನಮ್ಮವನು ಈಗಲೇ ಹೇಳ್ತಾನೆ, “ನಾನು ತ್ರಿಬಲ್ ನೈನ್, ಅದು ತ್ರಿಬಲ್ ಫೈವ್!”

ಅಮ್ಮನ ಸೆನ್ಸಾರು

ಇಷ್ಟೆಲ್ಲ ಬರೆದುಕೊಂಡು ಹೋದ ವಾರ ಅವನ ಮನೆಗೆ ಹೋದೆ. ಅವನ ತಾಯಿಗೆ ಹಳೇ ಸಂಗತಿ ಪೂರ್ತಿ ಗೊತ್ತು. ಆರು ತಿಂಗಳು ನನ್ನನ್ನ ಮಾತಾಡಿಸಿರಲಿಲ್ಲ. ಕಾಗದ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಶನಿವಾರದಿಂದ ಶನಿವಾರದ ತನಕ ಓದಿದರು. ಗೋಡೆಯ ಕ್ಯಾಲೆಂಡರಿನ ಫೆಬ್ರವರಿ ಹಾಳೆ ಎತ್ತಿ ನೋಡಿದರು.

“ಮಳೆಗಾಲ ಅಲ್ಲ ತಾನೇನಪ್ಪಾ?”

“ಅಲ್ಲ ಅಮ್ಮ.”

“ಆ ಕೆಂಪು ಬಾವುಟ ಕಂಡ್ರೆ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ತ್ರಿಬಲ್ ನೈನ್ ಕೂಗಿದ: “ರೈಲ್ವೆ ಗೇಟ್ ಬಿದ್ದಂಗೆ ಕಣಮ್ಮ, ನಿಂತ್ಕೋತೀವಿ!”

ಅಮ್ಮ ಕಾಗದ ಮಡಿಚಿ ನನ್ನ ಕೈಗೇ ವಾಪಸ್ ಕೊಟ್ಟರು. “ಸರಿ, ಹೋಗ್ಬನ್ನಿ. ನೀನು ಅವನ ಪಕ್ಕದಲ್ಲೇ ಇರು. ಮೊಬೈಲು ಹಿಡ್ಕೊಂಡು ನಿಂತ್ಕೋಬೇಡ.”

ಸೆನ್ಸಾರ್ ಸರ್ಟಿಫಿಕೇಟು ಸಿಕ್ಕಿತು ಮಿತ್ರರೇ! ಈ ಸಲ ನಾನು ಶಿಳ್ಳೆ ಹೊಡೆಯೋದು ಒಂದೇ ಸಲ. ಅವನು ಆ ಮೊಳೆಯ ಮುಂದೆ, ಒಣ ಮರಳಿನ ಮೇಲೆ ನಿಂತಾಗ.